ತೊಗರಿಗೆ ರೋಗ ಹಚ್ಚಿದ ವರ್ಷ

ಆಗ ನನಗೆ ಅರವತ್ತಮೂರು ವರ್ಷ. ಈಗ್ಗೆ ಐದು ವರ್ಷದ ಹಿಂದಿನ ಮಾತು. ಆ ವರ್ಷ ನಾನು ಗಿಡಗಳಿಗೆ ರೋಗ ಹಚ್ಚುವ ಕೂಲಿ ಮಾಡಿದೆ.

ಹೇಳಿದರೆ ಜನ ನಂಬುವುದಿಲ್ಲ. ಚೆನ್ನಾಗಿರುವ ಎಳೆ ತೊಗರಿ ಸಸಿಯ ಎಲೆಗೆ ರೋಗದ ಎಲೆಯೊಂದನ್ನು ಮಡಿಸಿ ಹೊದಿಸಿ, ಸ್ಟೇಪ್ಲರಿನಿಂದ ಕಚಕ್ಕನೆ ಪಿನ್ನು ಹೊಡೆಯುವುದು. ಒಂದು ಸಸಿ ಆಯಿತೆಂದರೆ ಮುಂದಿನದು. ಇಡೀ ದಿನ ಅದೇ. ಮೊದಲ ದಿನ ಸಂಜೆಗೆ ನನ್ನ ಹೆಬ್ಬೆಟ್ಟು ಊದಿಕೊಂಡಿತ್ತು. ಆಮೇಲೆ ಅಭ್ಯಾಸವಾಯಿತು. ಯಾವ ಕೆಲಸವೂ ಅಷ್ಟೇ, ಕೋಳಿ ಕುತ್ತಿಗೆ ಮುರಿಯುವುದೂ ಅಷ್ಟೇ.

ನಮ್ಮದು ಸೆಟ್ಟೂರಿನ ಹತ್ತಿರದ ಹಳ್ಳಿ, ಆಂಧ್ರದೊಳಗಿದ್ದರೂ ಮನೆಮಾತು ಕನ್ನಡ. ನನ್ನ ಹೊಲ ದಾಟಿದರೆ ಮೈದುನನ ಹೊಲ, ಅದನ್ನು ದಾಟಿದರೆ ಪಕ್ಕದ ಊರಿನ ಗಡಿಕಲ್ಲು. ಕಡಲೆಕಾಯಿ ಬಿತ್ತಿ ನಡುನಡುವೆ ತೊಗರಿ ಸಾಲು ಬಿಡುವುದು ಎಲ್ಲರ ಪದ್ಧತಿ. ನಮ್ಮ ಮನೆಯ ತೊಗರಿ ಕೆಂಪು, ಸಣ್ಣ ಕಾಳು, ಒಂದು ಕುದಿಗೆ ಬೇಯುತ್ತದೆ. ನಮ್ಮತ್ತೆ ಅದಕ್ಕೆ ಕೆಮ್ಮಣ್ಣು ಸವರಿ ಮಡಕೆಯಲ್ಲಿ ಇಡುತ್ತಿದ್ದಳು. ಅವಳು ನನ್ನನ್ನು ಸೌಟಿನಲ್ಲಿ ಹೊಡೆಯುತ್ತಿದ್ದವಳು. ಆದರೆ ಬೀಜ ಇಡುವುದು ಅವಳಿಗೆ ಗೊತ್ತಿತ್ತು.

ಆ ತೊಗರಿಗೆ ಗೊಡ್ಡು ರೋಗ ಬಂತು. ಗೊಡ್ಡು ರೋಗ ಬಂದ ಗಿಡ ಸಾಯುವುದಿಲ್ಲ. ಸತ್ತಿದ್ದರೆ ವಾಸಿ. ಎಲೆ ಸಣ್ಣಗಾಗಿ, ತಿಳಿಹಸಿರು ಮಚ್ಚೆ ಬಿದ್ದು, ಪೊದೆಯ ಹಾಗೆ ಎದ್ದು ನಿಲ್ಲುತ್ತದೆ. ಹೂವಿಲ್ಲ, ಕಾಯಿಲ್ಲ. ಸುಗ್ಗಿಯ ಹೊತ್ತಿಗೆ ಬೇರೆಲ್ಲಾ ಗಿಡ ಒಣಗಿದ್ದರೆ ಇದೊಂದು ಹಸಿರಾಗಿ ನಿಂತು ಅಣಕಿಸುತ್ತದೆ. ಕೆಲವು ವರ್ಷ ಹೀಗೇ ಆಗಿ ಊರಿನವರೆಲ್ಲ ಅಂಗಡಿ ಬೀಜಕ್ಕೆ ಹೋದರು. ನಾನು ಮಡಕೆಯಲ್ಲಿ ಉಳಿದದ್ದನ್ನು ಬಿತ್ತಿ ನೋಡಿದೆ. ಮೊಳೆಯಲಿಲ್ಲ. ಕಾಳು ಮುದಿಯಾಗಿತ್ತು.

ಅದಕ್ಕೂ ಕೆಲವು ವರ್ಷ ಮುಂಚೆ ಹಿಂದೂಪುರದ ಕಡೆಯ ಒಂದು ಲ್ಯಾಬಿನ ಹುಡುಗಿ ಬಂದು ಒಂದು ಹಿಡಿ ಕಾಳು ಒಯ್ದಿದ್ದಳು. ನೇಕಾರರ ಮನೆಯವಳು, ಕಡ್ಡಿಯ ಹಾಗಿದ್ದಳು, ನನ್ನನ್ನು ಅವ್ವಾ ಅನ್ನುತ್ತಿದ್ದಳು. ನಮ್ಮ ತೊಗರಿಯನ್ನು ರೋಗ ತಡೆಯುವ ಯಾವುದೋ ಕಾಡುಮೊಂಡ ತೊಗರಿಯ ಜೊತೆ ಕೂಡಿಸಿ, ಅದರ ಮಕ್ಕಳು ಮೊಮ್ಮಕ್ಕಳನ್ನು ಚೀಲದಲ್ಲಿ ತುಂಬಿಕೊಂಡು ಆ ವರ್ಷ ವಾಪಸು ಬಂದಳು. ನನ್ನ ಹೊಲದ ಒಂದು ಪಟ್ಟಿಯಲ್ಲೇ ಬಿತ್ತಿದೆವು.

ಸಸಿ ಎದ್ದಮೇಲೆ ಒಂದೊಂದರ ಎಲೆಯಲ್ಲೂ ಒಂದು ಚೂರು ಕತ್ತರಿಸಿ, ಬೆರಳುದ್ದವೂ ಇಲ್ಲದ ಕೊಳವೆಗೆ ಹಾಕಿ, ಐಸ್ ಡಬ್ಬಿಯಲ್ಲಿ ಲ್ಯಾಬಿಗೆ ಒಯ್ದಳು. ತಿರುಗಿ ಬಂದು ಕೆಲವು ಸಸಿಗೆ ನೀಲಿ ದಾರ ಕಟ್ಟಿದಳು. ಉಳಿದವಕ್ಕೆ ಕಟ್ಟಲಿಲ್ಲ.

"ಇದೇನು ತಾಳಿನಾ?" ಅಂದೆ.

"ಗುರುತು ಅವ್ವಾ. ರೋಗ ತಡೆಯೋ ಎಳೆ ಗಿಡದೊಳಗೆ ಎಲ್ಲೈತೋ ನಮಗೆ ಕಾಣಲ್ಲ. ಅದ್ರ ಪಕ್ಕದಾಗೇ ಇನ್ನೊಂದು ಎಳೆ ಐತೆ, ಅದು ಲ್ಯಾಬಲ್ಲಿ ಕಾಣ್ತೈತೆ. ನಮ್ಮ ಮಗ್ಗದಾಗೆ ಅಂಚಿನ ಪಕ್ಕ ಬಣ್ಣದ ನೂಲು ಬಿಟ್ಟಂಗೆ. ಬಣ್ಣ ಕಂಡ್ರೆ ಪಕ್ಕದಾಗೆ ಅದೂ ಐತೆ ಅಂತ ತಿಳ್ಕಂತೀವಿ."

"ಬಣ್ಣ ಇದ್ದು ಅದು ಇಲ್ದೆ ಹೋದ್ರೆ?"

"ಒಂದೊಂದು ಸಲ ಹಂಗೂ ಆಯ್ತದೆ. ಎಳೆ ತುಂಡಾಗಿರ್ತದೆ. ಅದಕ್ಕೇ ರೋಗ ಹಚ್ಚಿ ನೋಡೋದು."

"ಹೊಡೆದು ನೋಡೋದು ಅನ್ನು."

"ಹೂಂ ಕಣವ್ವಾ. ಹೊಡೆದು ನೋಡೋದು."

ಅದು ನನಗೆ ಅರ್ಥವಾಯಿತು. ನನ್ನನ್ನೂ ಮದುವೆಯಾದ ಹೊಸದರಲ್ಲಿ ಹಾಗೇ ನೋಡಿದ್ದರು.

ರೋಗವನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಒಯ್ಯುವುದು ಕಣ್ಣಿಗೆ ಕಾಣದ ನುಸಿ ಅಂತೆ. ಪಿನ್ನು ಹೊಡೆದ ರೋಗದೆಲೆ ಒಣಗುತ್ತಿದ್ದಂತೆ ನುಸಿ ಅದನ್ನು ಬಿಟ್ಟು ಹಸಿ ಎಲೆಗೆ ಹತ್ತಿಕೊಳ್ಳುತ್ತದೆ. ವೈರಸ್ಸು ಅದರ ಬಾಯಲ್ಲಿರುತ್ತದೆ. ಹೀಗೆ ಎಲ್ಲ ಸಸಿಗೂ ಹಚ್ಚಿ, ಯಾವುದು ಗೊಡ್ಡಾಗದೆ ನಿಂತು ಕಾಯಿ ಕಟ್ಟುತ್ತದೋ ಅದರ ಬೀಜ ಎತ್ತಿಟ್ಟುಕೊಳ್ಳಬೇಕು. ಆ ನಿಂತ ಗಿಡ ಕಾಯಿ ಬಲಿಯುವವರೆಗೆ ಉಳಿಯಬೇಕು, ನನಗೆ ಬೇಕಾದದ್ದು ಅಷ್ಟೇ. ಮಡಕೆ ಖಾಲಿ, ಹುಡುಗಿ ತಂದ ಚೀಲವೂ ಖಾಲಿ. ಈ ಪಟ್ಟಿ ಹೋದರೆ ಆ ಕೆಂಪು ತೊಗರಿ ಭೂಮಿಯ ಮೇಲೆ ನನಗೆ ಸಿಗುವ ಹಾಗಿರಲಿಲ್ಲ.

ಹಚ್ಚಲು ರೋಗ ಬೇಕಲ್ಲ. ಅದು ಗಡಿಕಲ್ಲಿನ ಆಚೆ, ಪಕ್ಕದ ಊರಿನ ಹೊಲದಲ್ಲಿ ಬೇಕಾದಷ್ಟಿತ್ತು. ಬೆಳಗ್ಗೆ ಹೋಗಿ ಗೊಡ್ಡು ಕೊಂಬೆ ಮುರಿದು ಚೀಲಕ್ಕೆ ತುಂಬಿ ಮೈದುನನ ಬದುವಿನ ಮೇಲೆ ಹೊತ್ತು ತರುತ್ತಿದ್ದೆ. ಅವನು ನೋಡಿದ.

ಮೈದುನ ನನಗಿಂತ ಸ್ವಲ್ಪ ಚಿಕ್ಕವನು. ಅವನ ತಲೆಯಲ್ಲಿ ಹಣೆಯಿಂದ ನೆತ್ತಿಯವರೆಗೆ ಕೂದಲು ಬೆಳೆಯದ ಒಂದು ಗೆರೆ ಇದೆ. ಊರಿಗೆ ಜಡ್ಡು ಬಂದರೆ, ಜನಕ್ಕಾಗಲಿ ದನಕ್ಕಾಗಲಿ ಬೆಳೆಗಾಗಲಿ, ಅಮ್ಮನನ್ನು, ಅಂದರೆ ಜಡ್ಡಿನ ದೇವಿಯನ್ನು, ಬುಟ್ಟಿಯಲ್ಲಿ ಕೂರಿಸಿ ಗಡಿ ದಾಟಿಸುವುದು ನಮ್ಮಲ್ಲಿ ನಡೆದು ಬಂದದ್ದು. ಹಳೇ ಪೊರಕೆ, ಮುರಿದ ಮೊರ, ಬೇವಿನ ಸೊಪ್ಪು, ಕೋಳಿರಕ್ತ ಕಲಸಿದ ಅನ್ನ, ಎಲ್ಲ ಬುಟ್ಟಿಗೆ ತುಂಬಿ ಪಕ್ಕದ ಊರಿನ ನೆಲದಲ್ಲಿ ಇಟ್ಟು ಹಿಂದೆ ತಿರುಗದೆ ಬರಬೇಕು. ಅವರು ಕಂಡರೆ ಕಲ್ಲು ಬೀರುತ್ತಾರೆ. ಕಾಣದಿದ್ದರೆ ಅವರ ಪಾಡು, ಅವರು ಅದನ್ನು ಮುಂದಿನ ಊರಿಗೆ ದಾಟಿಸಬೇಕು. ಬುಟ್ಟಿ ಹೊರುವ ಹಕ್ಕು ನಮ್ಮ ಮನೆಯದು. ಮೈದುನ ಮೀಸೆ ಬರುವ ವಯಸ್ಸಿನಲ್ಲಿ ಮೊದಲ ಸಲ ಹೊತ್ತಾಗ ಅವರು ಕಾದು ಕುಳಿತಿದ್ದು ಗುದ್ದಲಿಯಲ್ಲಿ ತಲೆ ಸೀಳಿದ್ದರು. ಆದರೂ ಅವನು ಬುಟ್ಟಿಯನ್ನು ಅವರ ನೆಲದಲ್ಲೇ ಇಟ್ಟು ಬಂದು ನಮ್ಮ ಬಾಗಿಲಲ್ಲಿ ಬಿದ್ದ. ಆ ರಕ್ತ ತೊಳೆದವಳು ನಾನು.

ಈಗ ಅವನು ಬದುವಿನ ಮೇಲೆ ಅಡ್ಡ ನಿಂತ.

"ಅತ್ಗೆ, ಚೀಲದಾಗೇನು?"

"ಸೊಪ್ಪು."

"ಯಾವ್ ಸೊಪ್ಪು?"

"ನಿನ್ ಕಣ್ಣಿಲ್ವೇನ್ಲಾ? ಗೊಡ್ಡು ಸೊಪ್ಪು."

ಅವನು ಚೀಲ ಕಿತ್ತು ಬಿಚ್ಚಿ ನೋಡಿದ. ಮುಖ ಕಪ್ಪಿಟ್ಟಿತು. "ನಾನು ತಲೆ ಒಡಿಸ್ಕಂಡು ಆಚೆ ಹಾಕಿ ಬಂದಿದ್ದನ್ನ ನೀನು ಚೀಲದಾಗೆ ತುಂಬ್ಕಂಡು ಒಳಿಕ್ಕೆ ತತ್ತೀಯಾ?"

"ಇದು ಅಮ್ಮ ಅಲ್ಲ ಕಣಪ್ಪ, ನುಸಿ."

"ನುಸಿ ಅಂತೆ ನುಸಿ. ಆ ಹಿಂದೂಪುರದ ಹುಡುಗಿ ನಿನ್ನ ತಲೇಗೂ ಪಿನ್ನು ಹೊಡ್ದವ್ಳೆ." ಅಂದವನೇ ಚೀಲ ಬೀಸಿ ನನ್ನ ಮುಖಕ್ಕೆ ಹೊಡೆದ. ಕೊಂಬೆಯ ಚೂಪು ತಗುಲಿ ಹುಬ್ಬು ಸೀಳಿತು. ನಾನು ಅವನ ಮೊಣಕಾಲಿಗೆ ಒದ್ದೆ. ಬದುವಿನಿಂದ ಜಾರಿ ಕೂತ. ಚೀಲ ಎತ್ತಿಕೊಂಡು ಹೋಗಿ ಕೆಲಸಕ್ಕೆ ಕೂತೆ. ನನ್ನ ಗಂಡ ಬದುಕಿದ್ದಾಗ ಹೊಡೆಯಲು ಅವನಿಗೆ ಕಾರಣ ಬೇಕಿರಲಿಲ್ಲ. ತಮ್ಮನಿಗೆ ಕಾರಣವಾದರೂ ಬೇಕು, ಅಷ್ಟು ಮೇಲು.

ತಿಂಗಳು ಮೇಲಾಗುವ ಹೊತ್ತಿಗೆ ರೋಗ ಕಂಡಿತು. ದಾರ ಇಲ್ಲದ ಗಿಡಗಳು ಒಂದರ ಹಿಂದೆ ಒಂದು ಮುದುಡಿದವು. ನೀಲಿ ದಾರದವು ನಿಂತವು. ಅವುಗಳಲ್ಲಿ ಒಂದು ಮಾತ್ರ ಮುದುಡಿತು.

"ನಿನ್ ಬಣ್ಣದ ನೂಲು ಸುಳ್ಳು ಹೇಳ್ತಲ್ಲೇ" ಅಂತ ಹುಡುಗಿಯನ್ನು ಚುಚ್ಚಿದೆ.

"ಒಂದು ಹೇಳ್ತು. ಮಿಕ್ಕಿದ್ದು ನಿಜ ಹೇಳಿದ್ವಲ್ಲವ್ವಾ" ಅಂದಳು. ಕುಣಿಯುವುದೊಂದು ಬಾಕಿ.

ಅದಾದ ಮೇಲೆ ಒಂದು ಮಂಗಳವಾರ ಹಗಲಿನಲ್ಲೇ ತಮಟೆ ಬಂತು. ಮುಂದೆ ಮೈದುನ, ಮೈಯೆಲ್ಲ ಅರಿಸಿನ, ತಲೆಯ ಮೇಲೆ ಬುಟ್ಟಿ. ಹಿಂದೆ ಊರಿನ ಗಂಡಸರು. ಪಟ್ಟಿಯ ಅಂಚಿನಲ್ಲಿ ಹುಂಜದ ಕತ್ತು ಕಡಿದು ಬಿಟ್ಟರು. ತಲೆಯಿಲ್ಲದ ಹುಂಜ ಸಾಲಿನೊಳಗೆ ಓಡಿ ಗಿಡಗಳಿಗೆಲ್ಲ ರಕ್ತ ಚೆಲ್ಲಿ ಬಿತ್ತು. ಆಮೇಲೆ ಒಳಗೆ ನುಗ್ಗಿ ರೋಗದ ಗಿಡಗಳನ್ನೆಲ್ಲ ಬುಡ ಹಿಡಿದು ಕಿತ್ತರು. ಕೂದಲು ಹಿಡಿದು ಹೆಂಗಸರನ್ನು ಎಳೆದ ಹಾಗೆ ಕಿತ್ತರು. ಒಳ್ಳೆಯ ಗಿಡ ಮುಟ್ಟಲಿಲ್ಲ. ಅಮ್ಮ ಕೂತಿರುವುದು ಗೊಡ್ಡಿನ ಮೇಲೆ ತಾನೆ.

ನಾನು ಅಡ್ಡ ಬಿದ್ದೆ. "ಕಿತ್ರೆ ಕೀಳ್ರೋ, ಎಷ್ಟು ಗೊಡ್ಡಾದ್ವು ಅಂತ ಲೆಕ್ಕ ಆಗೈತೆ. ಹೊತ್ಕಂಡು ಮಾತ್ರ ಹೋಗ್ಬ್ಯಾಡ್ರಿ. ಇಲ್ಲೇ ಸುಡ್ರಿ. ದಾರಿ ತುಂಬಾ ನುಸಿ ಉದುರ್ತದೆ."

ಸುಡು ಅನ್ನುವ ಮಾತು ಕೇಳಿ ತಮಟೆ ನಿಂತಿತು. ಅಮ್ಮನನ್ನು ಗಡಿಯೊಳಗೆ ಸುಡುವುದು ಯಾರೂ ಬಾಯಲ್ಲಿ ಆಡುವ ಮಾತಲ್ಲ. ಸುಟ್ಟವರ ಮನೆಯಲ್ಲೇ ಕೂತುಬಿಡುತ್ತಾಳೆ ಅಂತ ಭಯ. ಯಾರೋ ಬೆನ್ನಿಗೆ ಒದ್ದರು, ನಾನು ಹುಂಜದ ರಕ್ತದಲ್ಲಿ ಬಿದ್ದೆ. ಯಾರು ಅಂತ ಕಾಣಲಿಲ್ಲ. ಕೈಗೆ ಸಿಕ್ಕಿದ ಕಲ್ಲನ್ನು ಗುಂಪಿನೊಳಕ್ಕೆ ಬೀರಿದೆ. ತಮಟೆಯವನ ಕಿವಿಗೆ ಬಿತ್ತು. ಪಾಪ, ಅವನು ಒದ್ದಿರಲಾರ.

ಮೈದುನನ ಕಡಲೆಕಾಯಿ ಹೊಲದ ನಡುವೆ, ಅವನ ತೊಗರಿ ಸಾಲಿಗೆ ಒರಸಿಕೊಂಡು, ಹಸಿ ಗೊಡ್ಡು ಗಿಡದ ಹೊರೆಗಳು ಗಡಿಯ ಕಡೆ ಹೋದವು. ಗಡಿಕಲ್ಲಿನ ಹತ್ತಿರ ಕಲ್ಲಿಗೆ ಕಲ್ಲು ಬಿದ್ದ ಸದ್ದು ನನ್ನ ಹೊಲಕ್ಕೇ ಕೇಳಿಸಿತು. ಆ ಸಲ ತಲೆ ಒಡೆದದ್ದು ಆಚೆಯವರದು.

ಅಲ್ಲಿಂದ ಮುಂದೆ ಏನಾಯಿತೆಂದರೆ, ಹೊರೆ ಹೋದ ದಾರಿಯುದ್ದಕ್ಕೂ ಮೈದುನನ ತೊಗರಿ ಗೊಡ್ಡಾಯಿತು. ಆ ಕಡೆ ಈ ಕಡೆಯ ಸಾಲು ಹೂ ಬಿಟ್ಟು ಹಳದಿಯಾಗಿದ್ದರೆ, ಬುಟ್ಟಿ ನಡೆದ ದಾರಿ ಮಾತ್ರ ಹಸಿರು ಪಟ್ಟಿಯಾಗಿ ನೆಟ್ಟಗೆ ಗಡಿಕಲ್ಲಿನವರೆಗೆ ಕಾಣುತ್ತಿತ್ತು. ಊರಿಗೆ ಊರೇ ಬಂದು ನೋಡಿತು. ನುಸಿ ಅಂತ ನಾನು, ನಿನ್ನ ಹೊಲದ ಅಮ್ಮ ಮುನಿದು ದಾರಿಯಲ್ಲೇ ಕೂತಳು ಅಂತ ಅವರು.

ನನ್ನ ಪಟ್ಟಿಯಲ್ಲಿ ನೀಲಿ ದಾರದ ಗಿಡಗಳು ಕಾಯಿ ತುಂಬಿಕೊಂಡು ಬಾಗಿದ್ದವು. ಮೈದುನ ದಿನವೂ ಬದುವಿನಿಂದ ಒಮ್ಮೆ ತನ್ನ ಸಾಲು ನೋಡುತ್ತಿದ್ದ, ಒಮ್ಮೆ ನನ್ನದು.

ಕಾಯಿ ಬಲಿತು ಬಣ್ಣ ತಿರುಗುವ ಹೊತ್ತು. ಗಿಣಿ ಓಡಿಸುತ್ತಾ ಪಟ್ಟಿಯಲ್ಲಿ ಕೂತಿದ್ದೆ. ಹುಡುಗಿಯೂ ಬಂದಿದ್ದಳು, ಐಸ್ ಡಬ್ಬಿ ತಂದಿದ್ದಳು. ಮಧ್ಯಾಹ್ನ ಮೈದುನ ಮಚ್ಚು ಹಿಡಿದು ಬದು ದಾಟಿದ. ಕುಡಿದಿರಲಿಲ್ಲ. ಕುಡಿದಿದ್ದರೆ ತಳ್ಳಿ ಬೀಳಿಸಬಹುದಿತ್ತು.

"ಎಲ್ಲಾ ಗೊಡ್ಡಾದಾಗ ನಿಂದೊಂದೇ ಹೆಂಗೆ ನಿಂತದೆ? ರೋಗ ಹಚ್ಚಿದ್ದೂ ಇದಕ್ಕೇ, ನಿಂತಿದ್ದೂ ಇದೇ. ನನ್ ಹೊಲದ ಹೂವ ತಿಂದು ನಿಂತೈತೆ" ಅಂದವನೇ ಮೊದಲ ಗಿಡ ಕಡಿದ.

ಹುಡುಗಿ ಓಡಿ ಅವನ ಅಂಗಿ ಹಿಡಿದಳು. "ಅಣ್ಣಾ, ವದ್ದು ಅಣ್ಣಾ, ಬೇಡ, ನಿನ್ ಕಾಲಿಗೆ ಬೀಳ್ತೀನಿ." ಅವನು ಮೊಣಕೈಯಲ್ಲಿ ಗುದ್ದಿದ. ಬಾಯಿಂದ ರಕ್ತ ಬಂತು. ಅವಳು ಬಿಡಲಿಲ್ಲ, ಸೊಂಟಕ್ಕೆ ಜೋತು ಬಿದ್ದಳು. ಅವನು ಅವಳನ್ನು ಎಳೆದುಕೊಂಡೇ ಸಾಲು ಕಡಿಯುತ್ತಾ ಹೋದ. ತೊಗರಿ ಕಡ್ಡಿ ಮಚ್ಚಿಗೆ ಸಿಕ್ಕರೆ ಒಂದೇ ಏಟು. ಕಾಯಿಗೊಂಚಲು ನೆಲಕ್ಕೆ ಬೀಳುವ ಸದ್ದು ಇನ್ನೂ ಕಿವಿಯಲ್ಲಿದೆ.

ನಾನು ಗುದ್ದಲಿ ತಗೊಂಡೆ. ಬಾಯಿ ಕಡೆಯಿಂದ ಹೊಡೆದರೆ ಸಾಯುತ್ತಾನೆ ಅಂತ ತಿರುಗಿಸಿ ಹಿಂಬದಿಯಿಂದ ಬಲಗೈಗೆ ಬಿಟ್ಟೆ. ಮೂಳೆ ಮುರಿದ ಸದ್ದು ಬಂತು. ಮಚ್ಚು ಬಿತ್ತು. ಅವನು ಎಡಗೈಯಲ್ಲಿ ಎತ್ತಿಕೊಂಡು ಬೀಸಿದ. ನಾನು ಗುದ್ದಲಿಕಾವು ಅಡ್ಡ ಹಿಡಿದೆ. ಮಚ್ಚು ಕಾವಿನ ಮೇಲೆ ಜಾರಿಕೊಂಡು ಬಂದು ನನ್ನ ಎಡಗೈಯ ಕಿರುಬೆರಳಿಗೆ ಬಿತ್ತು. ಬೆರಳು ತೊಗರಿ ಕಾಯಿಯ ನಡುವೆ ಹೋಗಿ ಬಿದ್ದಿತು. ನೋವು ತಕ್ಷಣ ಬರಲಿಲ್ಲ. ಎರಡನೇ ಸಲ ಗುದ್ದಲಿ ಎತ್ತಿದೆ. ಅವನು ಮಚ್ಚು ಬಿಟ್ಟು ಕೂತು ವಾಂತಿ ಮಾಡಿದ. ಆಗ ಇಳಿಸಿದೆ.

ಹುಡುಗಿ ಅಳುತ್ತಲೇ ಬೆರಳು ಹುಡುಕಿ, ಐಸ್ ಡಬ್ಬಿಯಲ್ಲಿದ್ದ ಎಲೆ ಕೊಳವೆಗಳ ಪಕ್ಕದಲ್ಲಿ ಇಟ್ಟಳು.

ಊರಿನಲ್ಲಿ ಆ ಹೊತ್ತಿಗೆ ಇದ್ದದ್ದು ಒಂದೇ ಆಟೋ. ಕಲ್ಯಾಣದುರ್ಗದ ಆಸ್ಪತ್ರೆಗೆ ಇಬ್ಬರೂ ಅದರಲ್ಲೇ ಹೋಗಬೇಕಾಯಿತು. ನಡುವೆ ಹುಡುಗಿ ಕೂತಳು, ತೊಡೆಯ ಮೇಲೆ ಡಬ್ಬಿ.

"ಸೀಟಿನ ಮ್ಯಾಲೆ ರಕ್ತ ಚೆಲ್ಬ್ಯಾಡ್ರಪ್ಪೋ, ಸಾಯಂಕಾಲ ಮದುವೆ ಬಾಡಿಗೆ ಐತೆ" ಅಂದ ಆಟೋದವನು.

"ನೋಡ್ದಾ ಅತ್ಗೆ, ಕೈ ಮುರ್ದುಬುಟ್ಟೆ" ಅಂತ ಮೈದುನ ನರಳಿದ.

"ಇನ್ನೊಂದು ಐತಲ್ಲ, ಅದ್ನೂ ಕೊಡು."

"ನಿನ್ನ ಬೆರಳು ಸಾಲ್ದು, ಕುತ್ಗೆಗೇ ಬೀಸ್ಬೇಕಾಗಿತ್ತು."

"ಎಡಗೈಯಾಗೆ ನಿನಗೆ ಕುತ್ಗೆ ಎಲ್ಲಿ ಸಿಕ್ತದ್ಲಾ. ಊಟಕ್ಕೆ ಕುಂತ್ರೆ ಬಾಯೇ ಸಿಗಲ್ಲ."

ಆಟೋದವನು ನಕ್ಕುಬಿಟ್ಟ. ಗುಂಡಿಗೆ ಇಳಿಸಿದ. ಇಬ್ಬರೂ ಒಟ್ಟಿಗೆ ಕಿರುಚಿದೆವು.

ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು: "ಅವ್ವಾ, ಪೋಲೀಸ್ ಕೇಸಾದ್ರೆ ನಮ್ಮ ಲ್ಯಾಬಿನ ಮೇಲಿನವ್ರು ಈ ಪಟ್ಟೀನೇ ಮುಚ್ಚಿ ಉಳಿದಿದ್ದನ್ನೂ ಕಿತ್ತಾಕುಸ್ತಾರೆ." ಪಟ್ಟಿಯ ಮೂಲೆಯಲ್ಲಿ ಇನ್ನೂ ಕೆಲವು ಗಿಡ ನಿಂತಿದ್ದವು. ಕಡಿದವೂ ನೆಲದ ಮೇಲೆ ಇದ್ದವು. ನಾನು ಮೈದುನನ ಕಡೆ ತಿರುಗಿ, "ಬದುವಿನ ಮ್ಯಾಲಿಂದ ಬಿದ್ದೆ ಅನ್ನು. ಇಲ್ಲಾಂದ್ರೆ ಇಬ್ರೂ ಸ್ಟೇಷನ್ನಿನಾಗೆ ಕೂರ್ಬೇಕು" ಅಂದೆ.

ನರ್ಸಮ್ಮ ತೆಲುಗಿನವಳು, ಅರ್ಧಂಬರ್ಧ ಕನ್ನಡ ಬರುತ್ತಿತ್ತು. "ಏಮೈಂದಿ? ಏನಾಯ್ತು?" ಅಂದಳು.

"ಬಿದ್ದೆ" ಅಂದೆ.

"ನೇನೂ ಪಡ್ನಾನು" ಅಂದ ಮೈದುನ, ಗೋಡೆ ನೋಡಿಕೊಂಡು.

"ಇಬ್ರೂ ಒಂದೇ ಕಡೆ ಬಿದ್ರಾ?"

"ಒಂದೇ ಬದು ಕಣವ್ವಾ" ಅಂದೆ. ಅವಳು ಒಡೆದ ತುಟಿಯ ಹುಡುಗಿಯನ್ನು ನೋಡಿ, "ನುವ್ವು ಕೂಡಾನಾ, ನೀನೂನಾ?" ಅಂದಳು. ಹುಡುಗಿ ತಲೆಯಾಡಿಸಿದಳು.

ಬೆರಳು ಕೂಡುವುದಿಲ್ಲ ಅಂದರು. ನರ್ಸಮ್ಮ ಅದನ್ನು ಡಬ್ಬಿಯಿಂದ ತೆಗೆದು ಬಕೆಟ್ಟಿಗೆ ಹಾಕಿದಳು. ನನಗೆ ಹೊಲಿಗೆ ಹಾಕುತ್ತಿದ್ದರೆ ಪಕ್ಕದ ಬೆಂಚಿನಲ್ಲಿ ಮೈದುನನ ಕೈ ಎಳೆದು ಕೂರಿಸುತ್ತಿದ್ದರು. ಅವನು ನನ್ನ ತವರನ್ನೆಲ್ಲ ಸೇರಿಸಿ ಬಯ್ದ. ನಾನು ಅವನ ತಾಯಿಯನ್ನು ಬಯ್ದೆ, ಅವಳು ನನ್ನ ಅತ್ತೆ ಅನ್ನುವುದು ನೆನಪಿದ್ದೇ ಬಯ್ದೆ. ಸಂಜೆ ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತು ವಾಪಸು ಬಂದೆವು. ಹುಡುಗಿ ಹಿಂದೂಪುರಕ್ಕೆ ಹೋದಳು.

ಮಾರನೇ ದಿನ ಬೆಳಗ್ಗೆ ಎದ್ದು ಹೊಲಕ್ಕೆ ಹೋದೆ. ಕಡಿದ ಗಿಡಗಳು ಬಿದ್ದಲ್ಲೇ ಇದ್ದವು, ಇಬ್ಬನಿಗೆ ನೆನೆದಿದ್ದವು. ಒಂದು ಕಾಯಿ ಸುಲಿದು ಕಾಳನ್ನು ಹಲ್ಲಿಗೆ ಇಟ್ಟೆ. ಗಟ್ಟಿ ಇತ್ತು. ತುಂಬಿತ್ತು. ಕೆಂಪು ತಿರುಗಿತ್ತು. ಇನ್ನೊಂದು ಗಿಡದ್ದೂ ನೋಡಿದೆ. ಅದೂ ಗಟ್ಟಿ. ಒಂದೊಂದು ಗಿಡವನ್ನೂ ಅದರ ನೀಲಿ ದಾರದ ಜೊತೆಗೇ ಬೇರೆ ಬೇರೆ ಕಟ್ಟಿದೆ. ಒಂದೇ ಕೈ, ಗಂಟು ಹಾಕಲು ಹಲ್ಲು. ಮನೆಗೆ ಹೊತ್ತು ಜಂತೆಗೆ ತಲೆಕೆಳಗಾಗಿ ತೂಗು ಹಾಕಿದೆ, ಕಡ್ಡಿಯಲ್ಲೇ ಒಣಗಲಿ ಅಂತ. ಮಡಕೆ ಇಳಿಸಿ ತೊಳೆದು ಬಿಸಿಲಿಗಿಟ್ಟೆ.

ಆಮೇಲೆ ಸೀಮೆಎಣ್ಣೆ ಬಾಟಲಿ, ಬೆಂಕಿಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ಮೈದುನನ ಹೊಲಕ್ಕೆ ಹೋಗಿ ಅವನ ಗೊಡ್ಡು ಸಾಲನ್ನು ಕೀಳಲು ಶುರು ಮಾಡಿದೆ. ಅದು ಅಲ್ಲಿ ನಿಂತಿರುವವರೆಗೆ ಅವನು ಮತ್ತೆ ಬುಟ್ಟಿ ಹೊರುತ್ತಾನೆ, ಇಲ್ಲ ಮತ್ತೆ ಮಚ್ಚು ಹಿಡಿಯುತ್ತಾನೆ. ಮೂಲೆಯಲ್ಲಿ ಉಳಿದ ನನ್ನ ಗಿಡ ಇನ್ನೂ ಒಣಗಬೇಕಿತ್ತು.

ಅವನು ಬ್ಯಾಂಡೇಜಿನ ಕೈ ಕುತ್ತಿಗೆಗೆ ಕಟ್ಟಿಕೊಂಡು ಬದುವಿಗೆ ಬಂದ.

"ಎಲ್ಲಿಗೆ ಹೊತ್ಕಂಡು ಹೋಯ್ತೀಯೆ ಅದ್ನ?"

"ಎಲ್ಲಿಗೂ ಇಲ್ಲ. ಇಲ್ಲೇ ಸುಡ್ತೀನಿ."

"ಗಡಿ ಒಳಗೆ ಅಮ್ಮನ್ನ ಸುಡ್ತೀಯಾ? ನಿನ್ ಮನೆಯಾಗೇ ಕುಂತ್ಕಂತಾಳೆ ನೋಡು."

"ಕುಂತ್ಕಳ್ಲಿ. ಒಬ್ಬಳೇ ಇದೀನಿ, ಜಾಗ ಐತೆ."

ಅವನು ಬಯ್ಯುತ್ತಾ ಕೂತ. ನಾನು ಕೀಳುತ್ತಾ ಹೋದೆ. ಹೊಲಿಗೆ ಬಿಚ್ಚಿ ಬಟ್ಟೆಯೆಲ್ಲ ರಕ್ತವಾಯಿತು. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಗಡಿಕಲ್ಲಿನ ಈಚೆ ಒಂದು ರಾಶಿ ಆಯಿತು. ಎಣ್ಣೆ ಸುರಿದೆ. ಹಸಿ ಗಿಡ, ಬೇಗ ಹತ್ತಲಿಲ್ಲ. ಕಡ್ಡಿ ಮೇಲೆ ಕಡ್ಡಿ ಗೀರಿದೆ. ಹತ್ತಿಕೊಂಡ ಮೇಲೆ ಗುದ್ದಲಿಕಾವಿನಲ್ಲಿ ತಿರುವುತ್ತಾ, ಒಂದು ಎಲೆಯೂ ಉಳಿಯದ ಹಾಗೆ ಬೂದಿಯಾಗುವವರೆಗೆ ಅಲ್ಲೇ ನಿಂತಿದ್ದೆ.